ಓಲೆಗರಿಯಲ್ಲಿ ತೂತು ಕೊರೆದವರು ಯಾರು?

ಹಳೇ ಓಲೆಗರಿ ಕಟ್ಟನ್ನು ಬಿಚ್ಚಿದರೆ ಪ್ರತಿ ಗರಿಯಲ್ಲೂ ಒಂದೇ ಜಾಗದಲ್ಲಿ ಒಂದೋ ಎರಡೋ ತೂತು ಇರುತ್ತವೆ. ಅವು ದಾರ ಪೋಣಿಸಲು ಬರೆದವರೇ ಮಾಡಿಕೊಂಡದ್ದು. ಮಿಕ್ಕ ತೂತುಗಳೆಲ್ಲ ಹುಳದ ಕೆಲಸ. ಈ ಹುಳ ಒಂದು ಗರಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಪೈಕಿ ಅಲ್ಲ. ಕಟ್ಟಿನ ಮೇಲಿಂದ ಕೆಳಗೆ ಸುರಂಗ ಕೊರೆದುಕೊಂಡು ಹೋಗುತ್ತದೆ. ಅದು ಸಾಗಿದ ದಾರಿಯಲ್ಲಿ ಇಪ್ಪತ್ತು ಗರಿ ಇದ್ದರೆ ಇಪ್ಪತ್ತರಲ್ಲೂ ಒಂದೊಂದು ಅಕ್ಷರ ಹೋಯಿತು ಅಂತಲೇ ಲೆಕ್ಕ.

ಕೆಲವು ಕೃತಿಗಳು ಬದುಕಿ ಉಳಿದದ್ದೇ ಇಂಥ ಒಂದೆರಡು ಕಟ್ಟುಗಳಿಂದ. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರು ಎಲ್ಲರಿಗೂ ಗೊತ್ತಿತ್ತು, ಆದರೆ ಪೂರ್ತಿ ಪಠ್ಯ ವಿದ್ವಾಂಸರ ಕೈಯಲ್ಲಿ ಇರಲಿಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಗರಿ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಜೈನರ ಆಗಮ ಗ್ರಂಥವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 816ರಲ್ಲಿ ಬರೆದು ಮುಗಿಸಿದ ಧವಲಾ ಟೀಕೆಯ ಕತೆಯೂ ಹೀಗೇ. ಅದು ಹಳಗನ್ನಡ ಲಿಪಿಯ ಓಲೆಗಳಲ್ಲಿ ಮೂಡುಬಿದಿರೆಯ ಬಸದಿಯಲ್ಲಿ ಉಳಿದುಕೊಂಡಿತ್ತು. ಮೊದಲ ಸಂಪುಟ ಅಚ್ಚು ಕಂಡದ್ದು 1939ರಲ್ಲಿ. ಕರಾವಳಿಯ ಮಳೆ, ಸೆಕೆ, ಒರಲೆಗಳ ನಡುವೆ ಅದು ಅಷ್ಟು ಶತಮಾನ ಉಳಿದದ್ದೇ ದೊಡ್ಡದು.

ಮ್ಯೂಸಿಯಂ ಇರಲಿ, ದಾಖಲೆಗಳ ಉಗ್ರಾಣ ಇರಲಿ, ಮಠದ ಪುಸ್ತಕ ಭಂಡಾರ ಇರಲಿ, ಹುಳ ಕಂಡ ಕೂಡಲೇ ನಮ್ಮ ಬಾಯಲ್ಲಿ ಬರುವ ಮಾತು ‘ಔಷಧಿ ಹೊಡೆಸಿ’. ನನ್ನ ಪ್ರಕಾರ ಅದು ಕೊನೆಗೆ ಬರಬೇಕಾದ ಮಾತು. ಯಾವ ಹುಳ ಅಂತ ತಿಳಿಯದೆ ಹೊಡೆಸಿದ ಔಷಧಿ ಸುಮ್ನೆ ಖರ್ಚು. ಪುಸ್ತಕದ ಒಳಗೆ ಸುರಂಗದಲ್ಲಿರುವ ಮರಿಹುಳಕ್ಕೆ ಮೇಲೆ ಸಿಂಪಡಿಸಿದ್ದು ತಲುಪುವುದಿಲ್ಲ. ಗೆದ್ದಲಿನ ಗೂಡು ಗೋಡೆಯಾಚೆ ಮಣ್ಣಿನಲ್ಲಿರುತ್ತದೆ, ಅಲ್ಲಿಗೂ ತಲುಪುವುದಿಲ್ಲ. ಕಾಗದಕ್ಕೆ, ಬಣ್ಣಕ್ಕೆ, ಅಲ್ಲಿ ಕೂತು ಓದುವವರ ಶ್ವಾಸಕೋಶಕ್ಕೆ ಮಾತ್ರ ಚೆನ್ನಾಗಿ ತಲುಪುತ್ತದೆ.

ಗುರುತು ನೋಡಿ ಹುಳ ಹಿಡಿಯುವುದು

ಪುಸ್ತಕದ ಹುಳು ಅಂತ ನಾವು ಕರೆಯುವುದು ನಿಜಕ್ಕೂ ಪುಟ್ಟ ಜೀರುಂಡೆಗಳ ಮರಿಗಳನ್ನು. ನಮ್ಮ ಕಡೆ ಜಾಸ್ತಿ ಕಾಟ ಕೊಡುವುದು ಮೂರು: ಗ್ಯಾಸ್ಟ್ರಾಲಸ್, ಸಿಗರೇಟ್ ಬೀಟಲ್, ಡ್ರಗ್‌ಸ್ಟೋರ್ ಬೀಟಲ್. ಎಲ್ಲವೂ ಕಂದು ಬಣ್ಣ, ಎರಡು ಮೂರು ಮಿಲಿಮೀಟರ್ ಉದ್ದ. ಬರಿಗಣ್ಣಿಗೆ ಮೂರೂ ಒಂದೇ ಥರ ಕಾಣುತ್ತವೆ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇದ್ದರೆ ಕೊನೆಯ ಎರಡನ್ನು ಬೇರ್ಪಡಿಸುವುದು ಕಷ್ಟವಲ್ಲ. ಸಿಗರೇಟ್ ಬೀಟಲ್‌ನ ಮೀಸೆ ಗರಗಸದ ಹಲ್ಲಿನ ಹಾಗೆ ಇರುತ್ತದೆ, ಬೆನ್ನು ನಯವಾಗಿರುತ್ತದೆ. ಡ್ರಗ್‌ಸ್ಟೋರ್ ಬೀಟಲ್‌ನ ಮೀಸೆಯ ತುದಿಯ ಮೂರು ಗಣ್ಣು ದಪ್ಪ, ಬೆನ್ನ ಮೇಲೆ ಉದ್ದುದ್ದ ಗೀರು. ಇದನ್ನೆಲ್ಲ ಯಾಕೆ ನೋಡಬೇಕು? ಯಾಕೆಂದರೆ ಮುಂದೆ ಹೇಳುವ ವಾಸನೆಯ ಬಲೆಗಳಲ್ಲಿ ಒಂದಕ್ಕೆ ಬೀಳುವ ಹುಳ ಇನ್ನೊಂದಕ್ಕೆ ಬೀಳುವುದಿಲ್ಲ.

ತಿನ್ನುವುದೆಲ್ಲ ಮರಿಯ ಕೆಲಸ. ಅದು ಒಳಗೇ ಬೆಳೆದು, ಒಳಗೇ ಕೋಶ ಕಟ್ಟಿ, ರೆಕ್ಕೆ ಬಂದ ಮೇಲೆ ಹೊರಗೆ ಬರಲು ದುಂಡನೆ ತೂತು ಕೊರೆಯುತ್ತದೆ. ಪುಸ್ತಕದ ಬೆನ್ನಿನ ಮೇಲೆ ನಮಗೆ ಕಾಣುವುದು ಆ ತೂತು. ಅಂದರೆ ತೂತು ಕಾಣುವ ಹೊತ್ತಿಗೆ ತಿಂದ ಹುಳ ಜಾಗ ಖಾಲಿ ಮಾಡಿರುತ್ತದೆ, ಮೊಟ್ಟೆ ಇಡಲು ಪಕ್ಕದ ಪುಸ್ತಕ ಹುಡುಕುತ್ತಿರುತ್ತದೆ. ನಮ್ಮ ಸೆಕೆಯಲ್ಲಿ ಸಿಗರೇಟ್ ಬೀಟಲ್‌ನ ಮೊಟ್ಟೆಯಿಂದ ಮೊಟ್ಟೆಯವರೆಗಿನ ಸುತ್ತು ಹೆಚ್ಚುಕಡಿಮೆ ಎರಡು ತಿಂಗಳಲ್ಲಿ ಮುಗಿಯುತ್ತದೆ. ಚಳಿದೇಶಗಳಲ್ಲಿ ಚಳಿಗಾಲ ಬಂದು ಈ ಸುತ್ತನ್ನು ನಿಧಾನ ಮಾಡುತ್ತದೆ. ನಮಗೆ ಆ ಸಹಾಯವೂ ಇಲ್ಲ.

ಇನ್ನೊಂದು ಸೋಜಿಗ. ಓಲೆಗರಿಯನ್ನು ಬರೆಯಲು ಸಿದ್ಧ ಮಾಡುವಾಗ ಹುಳ ಹಿಡಿಯದಿರಲಿ ಅಂತ ಅರಿಶಿನದ ನೀರಿನಲ್ಲಿ ಕುದಿಸುವ ರೂಢಿ ಇತ್ತು. ಸಿಗರೇಟ್ ಬೀಟಲ್ ಗೋದಾಮಿನಲ್ಲಿಟ್ಟ ಅರಿಶಿನದ ಕೊಂಬನ್ನೇ ಕೊರೆದು ಪುಡಿ ಮಾಡುವ ಹುಳ!

ಹುಳವೇ ಸಿಗದಿದ್ದರೂ ಅದು ಉದುರಿಸಿದ ಪುಡಿ ಸಿಗುತ್ತದೆ. ಬಿಳಿ ಹಾಳೆಯ ಮೇಲೆ ವಸ್ತುವನ್ನು ಮೆಲ್ಲಗೆ ತಟ್ಟಿ, ಬಿದ್ದ ಪುಡಿಯನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಬೆರಳಿಗೆ ಗೊತ್ತೇ ಆಗದಷ್ಟು ನಯವಾಗಿದ್ದರೆ ಅದು ಲಿಕ್ಟಸ್ ಅನ್ನುವ ಕುಟ್ಟೆಹುಳದ್ದು. ಅದು ಮರದ ಕೆಚ್ಚನ್ನು ಮುಟ್ಟುವುದಿಲ್ಲ. ಕೆಚ್ಚಿನ ಸುತ್ತ ಇರುವ ಬಿಳಿ ಭಾಗದಲ್ಲಿ ಗಂಜಿಯ ಅಂಶ ಇರುತ್ತದೆ, ಅದನ್ನು ಮಾತ್ರ ತಿನ್ನುತ್ತದೆ. ಕರಾವಳಿಯ ಭೂತಸ್ಥಾನಗಳಿಂದ ಮ್ಯೂಸಿಯಂ ಸೇರಿದ ಮರದ ಉರುಗಳಲ್ಲಿ (ಭೂತದ ಮೂರ್ತಿಗಳಲ್ಲಿ) ಒಂದು ಪಕ್ಕ ಮಾತ್ರ ಜಾಳಾಗಿ, ಇನ್ನೊಂದು ಪಕ್ಕ ಗಟ್ಟಿಯಾಗಿದ್ದರೆ ಈ ಹುಳದ ಮೇಲೆ ಅನುಮಾನ ಪಡಬೇಕು. ಪುಡಿ ಸ್ವಲ್ಪ ತರಿತರಿಯಾಗಿದ್ದರೆ ಮೊದಲು ಹೇಳಿದ ಜೀರುಂಡೆಗಳ ಮನೆತನದ್ದು. ಗಸಗಸೆಯ ಹಾಗೆ ಗಟ್ಟಿ ಕಾಳುಕಾಳಾಗಿದ್ದು, ಭೂತಗನ್ನಡಿಯಲ್ಲಿ ಪ್ರತಿ ಕಾಳಿಗೂ ಆರು ಮುಖ ಕಂಡರೆ ಅದು ಒಣಮರದ ಗೆದ್ದಲು. ಈ ಗೆದ್ದಲಿಗೆ ಮಣ್ಣಿನ ಸಂಪರ್ಕವೇ ಬೇಡ, ಒಂದು ಚೌಕಟ್ಟಿನ ಒಳಗೇ ಸಂಸಾರ ಮಾಡಿಕೊಂಡಿರುತ್ತದೆ. ‘ಮಣ್ಣಿನ ದಾರಿ ಎಲ್ಲೂ ಕಾಣಲಿಲ್ಲ, ಗೆದ್ದಲಲ್ಲ ಬಿಡಿ’ ಅಂದುಕೊಂಡು ಮೋಸ ಹೋಗುವುದು ಇಲ್ಲೇ.

ಮಣ್ಣಿನ ಗೆದ್ದಲಿನ ಗುರುತು ಎಲ್ಲರಿಗೂ ಗೊತ್ತು. ಗೊತ್ತಿರದ ವಿಷಯ ಅಂದರೆ, ಅದು ಗೋಡೆಯ ಬಿರುಕಿನಿಂದ ನೇರ ಕಪಾಟಿನ ಹಿಂಬದಿಗೆ ಬಂದು ಪುಸ್ತಕಗಳನ್ನು ಒಳಗಿನಿಂದ ತಿನ್ನುತ್ತದೆ. ಮುಂದಿನಿಂದ ನೋಡಿದರೆ ಸಾಲು ಅಚ್ಚುಕಟ್ಟಾಗಿಯೇ ಇರುತ್ತದೆ. ಕೈಯಲ್ಲಿ ಎತ್ತಿದಾಗ ಹಗುರ ಅನಿಸುತ್ತದೆ, ತೆರೆದರೆ ಒಳಗೆ ಬರೀ ಮಣ್ಣು. ಬೀರುವನ್ನು ಗೋಡೆಗೆ ತಾಗಿಸಿ ಇಡಬೇಡಿ, ಅರ್ಧ ಅಡಿ ಜಾಗ ಬಿಡಿ ಅಂತ ಹೇಳುವುದು ಈ ಕಾರಣಕ್ಕೆ. ಹಿಂಬದಿ ಕಣ್ಣಿಗೆ ಬೀಳಬೇಕು.

ಸಿಲ್ವರ್‌ಫಿಶ್ ತೂತು ಕೊರೆಯುವುದಿಲ್ಲ, ಮೇಲಿನಿಂದ ಕೆರೆಯುತ್ತದೆ. ಕಾಗದದ ಹೊಳಪು ಹೋಗಿ, ಬೆಳಕಿಗೆ ಹಿಡಿದರೆ ಅಲ್ಲಲ್ಲಿ ತೆಳ್ಳಗೆ ಕಂಡರೆ ಅದರ ಕೆಲಸ. ಅದಕ್ಕೆ ಬೇಕಾದ್ದು ಗಂಜಿ ಮತ್ತು ತೇವ. ಹಳೇ ಬೈಂಡಿಂಗಿನ ಮೈದಾ ಅಂಟು ಅದಕ್ಕೆ ಹಬ್ಬದೂಟ. ಬೈಂಡಿಂಗ್ ಮಾಡುವವರು ಅಂಟಿಗೆ ಮೈಲುತುತ್ತ ಸೇರಿಸುತ್ತಿದ್ದದ್ದು ಇದನ್ನು ತಿಳಿದೇ. ಶೃಂಗೇರಿ ಮಠದಂಥ ಕಡೆ ಇರುವ ಕಡತಗಳನ್ನು ನೆನೆಸಿಕೊಳ್ಳಿ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಾಡಿದ ಮಡಿಕೆ ಪುಸ್ತಕಗಳು ಅವು. ಬಟ್ಟೆ, ಅಂಟು ಎರಡೂ ಹುಳಕ್ಕೆ ಆಹಾರವೇ. ಜಿರಳೆ ತಿಂದದ್ದು ಅಂಚುಗಳಲ್ಲಿ ಚಿಂದಿಚಿಂದಿಯಾಗಿ ಕಾಣುತ್ತದೆ, ಜೊತೆಗೆ ಕಂದು ಕಲೆ ಬಿಟ್ಟಿರುತ್ತದೆ.

ಉಣ್ಣೆ, ಚರ್ಮ, ಗರಿ, ಕೂದಲು ಇರುವ ವಸ್ತುಗಳಿಗೆ ಬೇರೆಯದೇ ಶತ್ರುಗಳು. ನುಸಿ ಚಿಟ್ಟೆಯ ಮರಿ ಕಂಬಳಿಯನ್ನು ತಿನ್ನುತ್ತಾ ರೇಷ್ಮೆಯಂಥ ಎಳೆ ನೇಯ್ದುಕೊಂಡು ಸಾಗುತ್ತದೆ. ಅದರ ಹಿಕ್ಕೆಗೆ ತಿಂದ ಬಟ್ಟೆಯದ್ದೇ ಬಣ್ಣ, ಕೆಂಪು ಉಣ್ಣೆ ತಿಂದರೆ ಕೆಂಪು ಹಿಕ್ಕೆ. ಎಳೆ ಇಲ್ಲದೆ, ಬರೀ ರೋಮರೋಮದ ಕಂದು ಪೊರೆಗಳು ಸಿಕ್ಕರೆ ಅದು ಕಾರ್ಪೆಟ್ ಬೀಟಲ್ ಮರಿ. ತೊಗಲು ಗೊಂಬೆಗಳಿರುವ ಕಪಾಟಿನಲ್ಲಿ ಈ ಪೊರೆ ಕಂಡರೆ ಆ ದಿನದ ಬೇರೆ ಕೆಲಸ ಬದಿಗಿಡಬೇಕು. ವಿಚಿತ್ರ ಅಂದರೆ ಇದರ ದೊಡ್ಡ ಹುಳ ಹೂವಿನ ಪರಾಗ ತಿಂದು ಬದುಕುವ ಸಾಧು ಪ್ರಾಣಿ. ಉದ್ಘಾಟನೆಗೆ ತಂದ ಹೂಗುಚ್ಛದ ಜೊತೆ ಒಳಗೆ ಬಂದು, ಗೊಂಬೆಯ ಮೇಲೆ ಮೊಟ್ಟೆ ಇಟ್ಟು ಹೋಗಬಹುದು. ಇದೇ ಬಳಗದ ಡರ್ಮೆಸ್ಟಿಸ್ ಎಂಬ ಜೀರುಂಡೆಯನ್ನು ಪ್ರಾಣಿಶಾಸ್ತ್ರದ ಮ್ಯೂಸಿಯಂಗಳು ಬೇಕೆಂದೇ ಸಾಕುತ್ತವೆ. ಅಸ್ಥಿಪಂಜರಕ್ಕೆ ಅಂಟಿದ ಮಾಂಸವನ್ನು ಅಷ್ಟು ಚೊಕ್ಕವಾಗಿ ತೆಗೆಯುವ ಕೆಲಸಗಾರ ಬೇರೆ ಇಲ್ಲ. ಆದರೆ ಅದಕ್ಕೆ ಕೋಣೆ ಮಾತ್ರ ಸಂಗ್ರಹದಿಂದ ದೂರ, ಬಾಗಿಲು ಭದ್ರ.

ಬಲೆ ಹೇಳುವ ಸುದ್ದಿ

ಈಗ ಅಂಟು ಬಲೆಯ ವಿಷಯಕ್ಕೆ ಬರೋಣ. ಇದು ಒಳಗೆ ಅಂಟು ಬಳಿದ, ಗುಡಾರದ ಆಕಾರದ ರಟ್ಟು, ಅಷ್ಟೇ. ಬೆಲೆಯೂ ಜಾಸ್ತಿ ಇಲ್ಲ. ಹುಳಗಳು ಕೋಣೆಯ ಮಧ್ಯೆ ಓಡಾಡುವುದು ಕಡಿಮೆ, ಗೋಡೆಯ ಬುಡ ಹಿಡಿದು ಸಾಗುತ್ತವೆ. ಹಾಗಾಗಿ ಬಲೆ ಇಡಬೇಕಾದ್ದು ಗೋಡೆ ಮತ್ತು ನೆಲ ಸೇರುವ ಕಡೆ, ಬಾಗಿಲ ಎರಡೂ ಪಕ್ಕ, ಬೀರುವಿನ ಕಾಲಬಳಿ. ಪ್ರತಿ ಬಲೆಗೂ ನಂಬರ್ ಹಾಕಿ, ಇಟ್ಟ ದಿನಾಂಕ ಬರೆಯಬೇಕು. ಕೋಣೆಯ ನಕ್ಷೆ ಬರೆದು ಯಾವ ನಂಬರ್ ಎಲ್ಲಿದೆ ಅಂತ ಗುರುತು ಮಾಡಬೇಕು. ತೆರೆದ ಅಂಟು ಹಾಳೆ ಬೇಡ, ನಮ್ಮಲ್ಲಿ ಮೊದಲು ಸಿಕ್ಕಿಬೀಳುವುದು ಹಲ್ಲಿ.

ಬಲೆ ಇಟ್ಟರೆ ಹುಳ ಕಮ್ಮಿಯಾಗುತ್ತದೆ ಅಂತ ಅಂದುಕೊಳ್ಳಬೇಡಿ. ಅದು ಹುಳ ಮುಗಿಸಲು ಅಲ್ಲ, ಸುದ್ದಿ ತಿಳಿಯಲು. ತಿಂಗಳಿಗೊಮ್ಮೆ ಪ್ರತಿ ಬಲೆ ಎತ್ತಿ ಏನೇನು ಎಷ್ಟೆಷ್ಟು ಬಿದ್ದಿದೆ ಅಂತ ಬರೆದಿಡಬೇಕು. ಉದಾಹರಣೆಗೆ, ಒಂದು ಮೂಲೆಯ ಬಲೆಯಲ್ಲಿ ಒಂದು ಮಿಲಿಮೀಟರ್ ಉದ್ದದ ಬಿಳಿಚಿದ ಪುಸ್ತಕ ಹೇನುಗಳು ಹತ್ತಾರು ಸಿಕ್ಕಿವೆ ಅಂತ ಇಟ್ಟುಕೊಳ್ಳಿ. ಈ ಹೇನು ತಿನ್ನುವುದು ಮುಖ್ಯವಾಗಿ ಬೂಷ್ಟನ್ನು. ಪುಸ್ತಕಕ್ಕೆ ಅದರಿಂದ ದೊಡ್ಡ ನಷ್ಟವಿಲ್ಲ. ಆದರೆ ಆ ಮೂಲೆಯಲ್ಲಿ ತೇವ ಇದೆ ಅಂತ ಅದು ಹೇಳುತ್ತಿದೆ. ಗೋಡೆಯ ಆಚೆ ಪಕ್ಕ ಏನಿದೆ ನೋಡಿ, ಬಚ್ಚಲೋ, ಒಡೆದ ಪೈಪೋ, ಮಳೆನೀರು ಇಳಿಯುವ ಕೊಳವೆಯೋ ಇದ್ದೀತು. ಅಲ್ಲಿಗೆ ಪ್ಲಂಬರ್ ಬೇಕು, ಔಷಧಿಯವರಲ್ಲ.

ಬಾಗಿಲ ಬಳಿಯ ಬಲೆಯಲ್ಲಿ ಇರುವೆ, ಕ್ರಿಕೆಟ್ ಹುಳ, ಹೊಲದ ಹುಳಗಳು ತುಂಬಿದ್ದರೆ ಬಾಗಿಲ ಕೆಳಗೆ ಸಂದಿ ಇದೆ ಅಂತ ಅರ್ಥ. ಕೋಣೆಯ ದೀಪ ಆರಿಸಿ ನೋಡಿ, ಹೊಸ್ತಿಲಲ್ಲಿ ಹೊರಗಿನ ಬೆಳಕು ಕಂಡರೆ ಹುಳಕ್ಕೂ ದಾರಿ ಇದೆ. ಕಿಟಕಿ ಪಕ್ಕ ಕಾರ್ಪೆಟ್ ಬೀಟಲ್‌ನ ದೊಡ್ಡ ಹುಳ ಒಂದು ಸತ್ತು ಬಿದ್ದಿದ್ದರೆ ಅದು ಹೊರಗಿನಿಂದ ಬಂದದ್ದಿರಬಹುದು. ಅದೇ ಹುಳದ ಮರಿಗಳು ಕಪಾಟಿನ ಒಳಗಿನ ಬಲೆಯಲ್ಲಿ ನಾಲ್ಕು ಸಿಕ್ಕರೆ ಮಾತೇ ಬೇರೆ, ಅವು ಅಲ್ಲೇ ಹುಟ್ಟಿ ಅಲ್ಲೇ ಉಣ್ಣುತ್ತಿವೆ. ಹೀಗೆ ಒಂದು ವರ್ಷದ ಲೆಕ್ಕ ಕೈಗೆ ಬಂದರೆ ಯಾವ ತಿಂಗಳು, ಯಾವ ಮೂಲೆ, ಯಾವ ಹುಳ ಅಂತ ಕಟ್ಟಡವೇ ಹೇಳಲು ಶುರುಮಾಡುತ್ತದೆ. ಸಿಗರೇಟ್ ಬೀಟಲ್, ಡ್ರಗ್‌ಸ್ಟೋರ್ ಬೀಟಲ್, ನುಸಿ ಚಿಟ್ಟೆಗಳಿಗೆ ಹೆಣ್ಣಿನ ವಾಸನೆ ಹಚ್ಚಿದ ಬಲೆಗಳೂ ಸಿಗುತ್ತವೆ. ಗಂಡು ಮಾತ್ರ ಬಂದು ಬೀಳುತ್ತದೆ. ಆ ಹುಳ ಇದೆಯೋ ಇಲ್ಲವೋ ಅಂತ ಬೇಗ ತಿಳಿಯಲು ಅದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಉಳಿದ ಎಚ್ಚರಿಕೆಗಳು ಹೇಳಲು ಸುಲಭ. ಸಂಗ್ರಹದ ಕೋಣೆಯಲ್ಲಿ ಊಟ, ಪ್ರಸಾದ, ಹೂವು ಬೇಡ. ವೆಂಟಿಲೇಟರ್‌ನಲ್ಲಿ ಪಾರಿವಾಳದ ಗೂಡು ಬೇಡ, ಗರಿ ಮತ್ತು ಹಿಕ್ಕೆ ಇದ್ದಲ್ಲಿ ಕಾರ್ಪೆಟ್ ಬೀಟಲ್ ಮರಿ ಮಾಡುತ್ತದೆ. ಗಾಳಿಯ ತೇವಾಂಶ 60-65 ಪರ್ಸೆಂಟ್ ದಾಟದಿದ್ದರೆ ಒಳ್ಳೆಯದು. ಮಳೆಗಾಲದ ಕರಾವಳಿಯಲ್ಲಿ ಇದು ಕಷ್ಟವೇ, ಆದರೂ ಗಾಳಿ ಆಡುವ ಹಾಗಾದರೂ ಇಡಬಹುದು ಅಲ್ವಾ? ಹೊಸದಾಗಿ ಬಂದ ಯಾವುದೇ ಕಟ್ಟು, ಗೊಂಬೆ, ಪೆಟ್ಟಿಗೆ ನೇರ ಕಪಾಟಿಗೆ ಹೋಗಬಾರದು. ಬೇರೆ ಕೋಣೆಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಕೆಲವು ವಾರ ಇಟ್ಟು ಪುಡಿ ಉದುರುತ್ತದೆಯೇ ನೋಡಬೇಕು. ಕೊನೆಯದನ್ನು ಪಾಲಿಸದ ಸಂಸ್ಥೆಗಳೇ ಜಾಸ್ತಿ. ದಾನ ಕೊಟ್ಟವರ ಎದುರೇ ಪುಸ್ತಕವನ್ನು ಕಪಾಟಿನಲ್ಲಿ ಜೋಡಿಸಿ ಫೋಟೋ ತೆಗೆಸಿಕೊಳ್ಳುವ ಹುಮ್ಮಸ್ಸು ನಮ್ಮದು.

ಬಜೆ, ಬೇವು, ನುಸಿಗುಳಿಗೆ

ಹಿಂದಿನವರಿಗೆ ಇದೆಲ್ಲ ತಿಳಿದಿರಲಿಲ್ಲವೇ? ತುಂಬಾ ತಿಳಿದಿತ್ತು. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲ ಕಟ್ಟಿನಿಂದ ಕಾಪಾಡು ಅಂತ ಪುಸ್ತಕವೇ ಬೇಡಿಕೊಳ್ಳುವ ಶ್ಲೋಕವನ್ನು ಲಿಪಿಕಾರರು ಪ್ರತಿಯ ಕೊನೆಗೆ ಬರೆಯುತ್ತಿದ್ದರು. ಸಡಿಲ ಕಟ್ಟು ಅನ್ನುವುದನ್ನು ಗಮನಿಸಿ. ಗರಿಗಳ ಮೇಲೆ ಕೆಳಗೆ ಮರದ ಪಟ್ಟಿ ಇಟ್ಟು, ದಾರ ಬಿಗಿದು, ಬಟ್ಟೆ ಸುತ್ತಿದರೆ ಜೀರುಂಡೆಗೆ ಮೊಟ್ಟೆ ಇಡಲು ಸಂದಿ ಸಿಗುವುದಿಲ್ಲ. ಧೂಳೂ ಸೇರುವುದಿಲ್ಲ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತ ಪಂಚಮಿಯಂದು ಜೈನರು ಆಗಮ ಗ್ರಂಥಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಕಟ್ಟಿಡುವ ಪದ್ಧತಿ ಇದೆ. ಷಟ್ಖಂಡಾಗಮ ಪೂರ್ತಿಯಾದ ನೆನಪಿನ ಹಬ್ಬ ಅದು. ಇಂದಿನ ಸಂರಕ್ಷಣಾ ಪರಿಣತರು ಹೇಳುವುದೂ ಇದನ್ನೇ, ಆಗಾಗ ಮಾಡಿ ಅನ್ನುತ್ತಾರೆ ಅಷ್ಟೇ. ಎರಡು ತಿಂಗಳಿಗೊಂದು ಪೀಳಿಗೆ ಹುಟ್ಟುವ ಹುಳಕ್ಕೆ ವರ್ಷಕ್ಕೊಂದು ಹಬ್ಬ ಸಾಲದು.

ಬಟ್ಟೆಯಲ್ಲಿ ಕಟ್ಟಿದ ಬಜೆ ಬೇರು, ಬೇವಿನ ಸೊಪ್ಪು ಇವೆಲ್ಲ ವಾಸನೆಯಿಂದ ಒಂದಿಷ್ಟು ಹುಳವನ್ನು ದೂರ ಇಟ್ಟಾವು. ಒಳಗೆ ಸೇರಿಕೊಂಡ ಮರಿಯನ್ನು ಕೊಲ್ಲುವುದಿಲ್ಲ. ಬೇವಿನ ಎಲೆ ಒಣಗಿ ಪುಡಿಯಾದರೆ ಅದೇ ಕಸ. ನುಸಿಗುಳಿಗೆಯಂತೂ ನನಗೆ ಸುತರಾಂ ಬೇಡ. ಅದರ ಆವಿ ಹುಳವನ್ನು ಕೊಲ್ಲಬೇಕಾದರೆ ಪೆಟ್ಟಿಗೆ ಗಾಳಿ ಆಡದಂತೆ ಮುಚ್ಚಿರಬೇಕು. ದಿನಾ ತೆರೆಯುವ ಬೀರುವಿನಲ್ಲಿ ಅದು ಬರೀ ವಾಸನೆ, ಆ ವಾಸನೆ ಕುಡಿಯುವುದು ಅಲ್ಲಿನ ಸಿಬ್ಬಂದಿ.

ಕೊಲ್ಲಲೇಬೇಕಾದಾಗ

ಹುಳ ಬಿದ್ದದ್ದು ಖಚಿತವಾದರೆ ಇಂದು ಮೊದಲು ಯೋಚಿಸುವುದು ವಿಷವನ್ನಲ್ಲ, ಚಳಿಯನ್ನು. ಇದಕ್ಕೆ ಹೆಸರು ತಂದುಕೊಟ್ಟದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯ. 1977ರಲ್ಲಿ ಅಲ್ಲಿನ ಅಪರೂಪದ ಪುಸ್ತಕಗಳಿಗೆ ಬಿದ್ದದ್ದು ನಮ್ಮ ಪರಿಚಯದ ಗ್ಯಾಸ್ಟ್ರಾಲಸ್ಸೇ. ವಿಷದ ಅನಿಲ ತುಂಬುವ ಬದಲು ಪುಸ್ತಕಗಳನ್ನು ಪ್ಲಾಸ್ಟಿಕ್‌ನಲ್ಲಿ ಮುಚ್ಚಿ, ಮೈನಸ್ 30 ಡಿಗ್ರಿಯ ಆಸುಪಾಸಿನಲ್ಲಿ ಮೂರು ದಿನ ಇಟ್ಟರು. ಮೊಟ್ಟೆ ಸಹಿತ ಎಲ್ಲ ಸತ್ತವು.

ಮೈನಸ್ 20 ಡಿಗ್ರಿಯಾದರೆ ಕನಿಷ್ಠ ಒಂದು ವಾರ ಬೇಕು. ಮನೆಯ ಫ್ರೀಜರ್ ಮೈನಸ್ 18ರ ಸುತ್ತ ಇರುತ್ತದೆ, ಅದರಲ್ಲಿ ಎರಡು ವಾರ ಇಡುವುದು ಮೇಲು. ಪುಸ್ತಕವನ್ನು ಚೀಲಕ್ಕೆ ಹಾಕಿ, ಗಾಳಿ ಆದಷ್ಟು ಹೊರಗೆ ಒತ್ತಿ, ಬಿಗಿಯಾಗಿ ಮುಚ್ಚಬೇಕು. ಹೊರಗೆ ತೆಗೆದ ಮೇಲೆ ಒಂದಿಡೀ ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣನೆ ಕಾಗದದ ಮೇಲೆ ಗಾಳಿಯ ನೀರು ಇಳಿದು, ಹುಳ ಹೋಗಿ ಬೂಷ್ಟು ಬಂತು ಅನ್ನುವ ಹಾಗಾಗುತ್ತದೆ. ಬಣ್ಣ ಬಳಿದ ಮರ, ದಂತ, ಮೇಣ, ಗಾಜಿನ ಫೋಟೋ, ಬಿಗಿದ ಚರ್ಮದ ವಾದ್ಯ ಇವನ್ನು ಫ್ರೀಜರಿಗೆ ಹಾಕಬೇಡಿ.

ಅಂಥವಕ್ಕೂ, ಒಣಗಿ ಸಿಡಿಯುವಂತಿರುವ ಓಲೆಗರಿಗೂ ಆಮ್ಲಜನಕ ಇಲ್ಲದ ಚೀಲವೇ ಸೂಕ್ತ. ಗಾಳಿ ನುಸುಳದ ವಿಶೇಷ ಹಾಳೆಯ ಚೀಲದಲ್ಲಿ ವಸ್ತು ಇಟ್ಟು, ಸಾರಜನಕ ತುಂಬಿಯೋ ಆಮ್ಲಜನಕ ಹೀರುವ ಪೊಟ್ಟಣ ಹಾಕಿಯೋ ಆಮ್ಲಜನಕವನ್ನು 0.3 ಪರ್ಸೆಂಟ್‌ಗಿಂತ ಕೆಳಗೆ ಇಳಿಸುತ್ತಾರೆ. ಸುಮಾರು 25 ಡಿಗ್ರಿ ಬಿಸಿಯಲ್ಲಿ ಮೂರು ವಾರ ಬಿಡುತ್ತಾರೆ. ಹುಳ ಉಸಿರುಗಟ್ಟಿ ಮಾತ್ರ ಸಾಯುವುದಿಲ್ಲ. ಆಮ್ಲಜನಕ ಸಾಲದೆ ಮೈಮೇಲಿನ ಉಸಿರಾಟದ ರಂಧ್ರಗಳನ್ನು ತೆರೆದೇ ಇಟ್ಟುಕೊಳ್ಳುತ್ತದೆ, ಆ ದಾರಿಯಲ್ಲಿ ಮೈಯ ನೀರೆಲ್ಲ ಹೋಗಿ ಒಣಗಿ ಸಾಯುತ್ತದೆ. ಕೋಣೆ ತಂಪಾಗಿದ್ದರೆ ಹುಳದ ಉಸಿರೂ ನಿಧಾನ, ಆಗ ಮೂರು ವಾರ ಸಾಲದು.

ಎರಡೂ ವಿಧಾನಕ್ಕೆ ಒಂದು ಮಿತಿ ಇದೆ. ಇವತ್ತು ಹುಳ ಸತ್ತಿತು ಅಂದರೆ ನಾಳೆ ಬರುವುದಿಲ್ಲ ಅಂತಲ್ಲ. ಹಳೇ ವಿಷಗಳಿಗೆ ಆ ಉಳಿಕೆಯ ಗುಣ ಇತ್ತು, ಅದರ ಫಲ ಈಗಲೂ ಉಣ್ಣುತ್ತಿದ್ದೇವೆ. ಹಳೆಯ ತುಂಬಿದ ಪ್ರಾಣಿಗಳ ಚರ್ಮದಲ್ಲಿ ಆರ್ಸೆನಿಕ್, ಹಳೆಯ ಗಿಡಸಂಗ್ರಹದ ಹಾಳೆಗಳಲ್ಲಿ ಪಾದರಸದ ಲವಣ ಇವತ್ತಿಗೂ ಇರಬಹುದು. ಅಂಥ ಕಪಾಟಿಗೆ ಬರಿಗೈ ಹಾಕಬೇಡಿ.

ನಿಮ್ಮ ಮನೆಯ ಅಟ್ಟದಲ್ಲೇ ಅಜ್ಜನ ಕಾಲದ ಕಟ್ಟು ಸಿಕ್ಕಿದೆಯೇ? ಎಣ್ಣೆ ಹಚ್ಚಬೇಡಿ, ಬಿಸಿಲಿಗೆ ಒಣಹಾಕಬೇಡಿ, ಸ್ಪ್ರೇ ಮುಟ್ಟಬೇಡಿ. ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಬೇಡಿ. ಬಿಳಿ ಹಾಳೆಯ ಮೇಲಿಟ್ಟು, ಹಾಳೆ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನೋ ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗವನ್ನೋ ಕೇಳಿ. ಓಲೆ ಒರೆಸಲು ಮಜ್ಜಿಗೆಹುಲ್ಲಿನ ಎಣ್ಣೆ ಬಳಸುವುದಿದೆ. ಆದರೆ ಎಷ್ಟು, ಯಾವ ಗರಿಗೆ ಅನ್ನುವುದು ಕೈ ಪಳಗಿದವರಿಗೆ ಬಿಡಬೇಕಾದ ಕೆಲಸ. ಹುಳ ಕೊಂದು ಕಟ್ಟು ವಾಪಸ್ ಬಂದ ಮೇಲೆ ತೂತುಗಳಲ್ಲಿರುವ ಹಳೇ ಪುಡಿಯನ್ನು ಮೆತ್ತನೆಯ ಬ್ರಶ್‌ನಿಂದ ಪೂರ್ತಿ ತೆಗೆಸಿ. ಇಲ್ಲದಿದ್ದರೆ ಮುಂದಿನ ತಿಂಗಳು ಹಾಳೆಯ ಮೇಲೆ ಪುಡಿ ಕಂಡಾಗ ಅದು ಹಳೆಯದೋ, ಹೊಸ ಹುಳದ್ದೋ ಹೇಳಲು ಆಗುವುದಿಲ್ಲ.